ತುಡುವೆ ಜೇನಿನ ಏಜೆಂಟ್ ಮಾಡೆಲ್: ಹೂಮಳೆ ಕೈಕೊಟ್ಟರೂ ಕುಟುಂಬಗಳು ಜೇನು ಕೂಡಿಡುವುದನ್ನು ಕಲಿಯುತ್ತಿಲ್ಲ, ಯಾಕೆ?

ಹೂಮಳೆ_ಗೋಣಿಕೊಪ್ಪ:
ದಕ್ಷಿಣ ಕೊಡಗಿನ ರೊಬಸ್ಟಾ ತೋಟಗಳನ್ನು ಮನಸ್ಸಿನಲ್ಲಿಟ್ಟು ನೆಟ್‌ಲೋಗೋದಲ್ಲಿ (ಏಜೆಂಟ್ ಮಾಡೆಲ್ ಕಟ್ಟುವ ತಂತ್ರಾಂಶ) ಮಾಡೆಲ್ ಕಟ್ಟಿದ್ದೇನೆ. 60×60 ಪ್ಯಾಚ್ (ಚೌಕ), ಒಂದೊಂದು ಪ್ಯಾಚ್ ಒಂದು ಹೆಕ್ಟೇರ್. ಏಜೆಂಟ್ ಅಂದರೆ ಒಂದು ತುಡುವೆ ಕುಟುಂಬ, ಒಟ್ಟು 120. ಪ್ರತಿ ಕುಟುಂಬವೂ ಸುತ್ತಲಿನ 10 ಪ್ಯಾಚ್ ದೂರದೊಳಗೆ ಮೇಯುತ್ತದೆ. 'ಉಳಿಕೆ' ಎಂಬ ಗುಣ 0ರಿಂದ 1ರವರೆಗೆ: ಬಂದ ಮಕರಂದದಲ್ಲಿ ಎಷ್ಟು ಎರಿಯಲ್ಲಿ ಕೂಡಿಡಬೇಕು ಎಂಬ ಪಾಲು. ಮಿಕ್ಕಿದ್ದು ಮರಿ ಬೆಳೆಸಿ ಪಾಲಾಗುವುದಕ್ಕೆ, ಅಂದರೆ ಒಡೆದು ಹೊಸ ಕುಟುಂಬವಾಗುವುದಕ್ಕೆ. ಹೊಸ ಪಾಲಿಗೆ ಗುಣ ಹೋಗುವಾಗ 0.02 ವಿಚಲನದ (ಸರಾಸರಿಯಿಂದ ಆಗುವ ಏರಿಳಿತದ ಅಳತೆ) ಸಣ್ಣ ಬದಲಾವಣೆ. ಹೂಮಳೆಯ (ಕಾಫಿ ಮೊಗ್ಗನ್ನು ಅರಳಿಸುವ ಮಳೆ) ಸಂಭವ 0.6, ಪ್ರತಿ ವರ್ಷ ಪ್ರತಿ ಪ್ಯಾಚ್‌ಗೂ ಬೇರೆಬೇರೆಯಾಗಿ ರಾಂಡಮ್ ಸಂಖ್ಯೆ ತೆಗೆಯುತ್ತೇನೆ. 200 ವರ್ಷ ಓಡಿಸಿದರೂ ಉಳಿಕೆ 0ಕ್ಕೇ ಇಳಿದು ಅಲ್ಲೇ ಕೂರುತ್ತದೆ. ತಪ್ಪು ಎಲ್ಲಿದೆ?

ಗುಣೋತ್ತರ:
ಪ್ಯಾಚ್‌ಗೊಂದು ಮಳೆ ಕೊಟ್ಟಿರುವುದೇ ತಪ್ಪು. 10 ಪ್ಯಾಚ್ ದೂರ ಅಂದರೆ ಸುಮಾರು 314 ಪ್ಯಾಚ್. ಅಷ್ಟೂ ಕಡೆ ಬೇರೆಬೇರೆ ಮಳೆಯಾದರೆ ಒಂದು ಕುಟುಂಬಕ್ಕೆ ಪ್ರತಿ ವರ್ಷ ಶೇ. 60ರಷ್ಟು ತೋಟ ಹೂಬಿಟ್ಟೇ ಸಿಗುತ್ತದೆ, ವಿಚಲನ ಶೇ. 2.8 ಮಾತ್ರ. ಕೆಟ್ಟ ವರ್ಷವೇ ಇಲ್ಲದ ಊರಲ್ಲಿ ಕೂಡಿಡುವವರು ಯಾರು?

ಮಳೆ ಎರಡು ಹಂತದಲ್ಲಿ ಬರಲಿ. ಮೊದಲು ಇಡೀ ಬಯಲಿಗೆ ವರ್ಷಕ್ಕೊಂದೇ ಸಂಖ್ಯೆ: 0.6 ಸಂಭವದಲ್ಲಿ ಒಳ್ಳೆಯ ವರ್ಷ. ಒಳ್ಳೆಯ ವರ್ಷದಲ್ಲಿ ಪ್ಯಾಚ್‌ಗೆ ಮಳೆ ಸಿಗುವ ಸಂಭವ 0.9, ಕೆಟ್ಟ ವರ್ಷದಲ್ಲಿ 0.15. ಆಗಲೂ ಸರಾಸರಿ 0.6 ಆಗಿಯೇ ಉಳಿಯುತ್ತದೆ, ಹಾಗಾಗಿ ಹಳೆಯ ಓಟಗಳ ಜೊತೆ ಹೋಲಿಸಬಹುದು.

ಕಾರಣ ಸರಳ. ಉದಾಹರಣೆಗೆ ಒಳ್ಳೆಯ, ಕೆಟ್ಟ ವರ್ಷಗಳು ಸಮವಾಗಿ ಬರುತ್ತವೆ ಎಂದುಕೊಳ್ಳಿ. ಒಳ್ಳೆಯ ವರ್ಷ 2 ಪಟ್ಟು, ಕೆಟ್ಟ ವರ್ಷ 0.4 ಪಟ್ಟು ಆಗುವ ವಂಶದ ಸಾಮಾನ್ಯ ಸರಾಸರಿ 1.2. ಆದರೆ ಗುಣೋತ್ತರ ಸರಾಸರಿ (ಎರಡೂ ಪಟ್ಟುಗಳನ್ನು ಗುಣಿಸಿ ವರ್ಗಮೂಲ ತೆಗೆದದ್ದು) 0.89, ಅಂದರೆ ನಿಧಾನಕ್ಕೆ ನಾಶ. 1.3 ಮತ್ತು 0.9 ಪಟ್ಟಿನ ಜಾಗ್ರತೆಯ ವಂಶದ್ದು 1.08. ಎಲ್ಲರಿಗೂ ಒಟ್ಟಿಗೆ ಹೊಡೆತ ಬೀಳುವಾಗ ಮಾತ್ರ ಈ ಲೆಕ್ಕ ಕೆಲಸ ಮಾಡುತ್ತದೆ.

ಇನ್ನೊಂದು. ಗುಣ ಸೊನ್ನೆಗಿಂತ ಕೆಳಗಿಳಿದಾಗ 0 ಎಂದು ಕೂರಿಸುತ್ತಿದ್ದೀರಾ? ಹಾಗಿದ್ದರೆ ಆಯ್ಕೆಯ (ಹೆಚ್ಚು ಉಳಿಯುವ ಗುಣವೇ ಮುಂದುವರಿಯುವುದು) ಒತ್ತಡವೇ ಇಲ್ಲದಿದ್ದರೂ ಕುಟುಂಬಗಳು ಗಡಿಯಲ್ಲಿ ರಾಶಿ ಬೀಳುತ್ತವೆ. −0.03 ಬಂದರೆ 0.03 ಮಾಡಿ, ಗಡಿಯಿಂದ ಹಿಂದಕ್ಕೆ ಪುಟಿಯಲಿ. 120 ಕುಟುಂಬವೂ ಕಡಿಮೆ. ಕಾಕತಾಳೀಯದ ಏರಿಳಿತವೇ ಆಯ್ಕೆಯನ್ನು ಮುಚ್ಚಿಹಾಕುತ್ತದೆ. 500ರ ಮೇಲಿರಲಿ.

ಎರಿ_ಪೆಟ್ಟಿಗೆ:
ಮೇಲಿನದ್ದು ಸರಿ. ಜೇನಿನ ಕಡೆಯಿಂದ ಎರಡು ಮಾತು ಸೇರಿಸುತ್ತೇನೆ.

ಜೂನ್‌ನಿಂದ ಆಗಸ್ಟ್‌ವರೆಗಿನ ಮಳೆಗಾಲದ ಬರವನ್ನು ಅನಿಶ್ಚಿತತೆಯ ಜೊತೆ ಬೆರೆಸಬೇಡಿ. ಅದು ವರ್ಷವೂ ತಪ್ಪದೆ ಬರುತ್ತದೆ, ಅದೊಂದೇ ಕೂಡಿಡುವ ಗುಣವನ್ನು ಮೇಲೆತ್ತಬಲ್ಲದು. ಆದ್ದರಿಂದ ಹೂಮಳೆ ಪ್ರತಿ ವರ್ಷ ಸರಿಯಾಗಿ ಬಿದ್ದು ಮಳೆಗಾಲ ಮಾತ್ರ ಇರುವ ಓಟ ಬೇರೆಯಾಗಿ ಬೇಕು. ಎರಡರ ವ್ಯತ್ಯಾಸವೇ ನಿಮ್ಮ ಉತ್ತರ.

ಸ್ಪ್ರಿಂಕ್ಲರ್ ಹಾಕುವ ತೋಟಗಳನ್ನೂ ಮರೆಯಬೇಡಿ. ಮಳೆಗೆ ಕಾಯದೆ ನೀರು ಕೊಟ್ಟ ತೋಟ ಸುಮಾರು ಒಂದು ವಾರದಲ್ಲಿ ಹೂವಾಗುತ್ತದೆ, ಪಕ್ಕದ ತೋಟ ಇನ್ನೂ ಮೊಗ್ಗಿನಲ್ಲೇ ಇರುತ್ತದೆ. ಆ ಪ್ಯಾಚ್‌ಗಳಿಗೆ ಬೇರೆ ದಿನ ಕೊಡಿ. ಕಾಫಿ ಹೂವು ಎರಡು ಮೂರು ದಿನದ ಸಂಭ್ರಮವಾದ್ದರಿಂದ ಟಿಕ್ (ಮಾಡೆಲ್‌ನ ಒಂದು ಕಾಲಹೆಜ್ಜೆ) ಒಂದು ದಿನದ್ದೇ ಆಗಬೇಕು, ವಾರದ್ದಾದರೆ ಈ ವ್ಯತ್ಯಾಸವೇ ಅಳಿಸಿಹೋಗುತ್ತದೆ. ಜೊತೆಗೆ, ಆಹಾರ ಮುಗಿದ ತುಡುವೆ ಗೂಡಿನಲ್ಲೇ ಸಾಯಬೇಕೆಂದಿಲ್ಲ, ಗೂಡು ಬಿಟ್ಟು ಹಾರುತ್ತದೆ. 'ಎಷ್ಟು ಉಳಿದಾಗ ಹೊರಡಬೇಕು' ಎಂಬುದನ್ನು ಎರಡನೆಯ ಗುಣವಾಗಿ ಇಡಿ, ಆದರೆ ಮೊದಲನೆಯದು ಸರಿಹೋದ ಮೇಲೆ.

ಹೂಮಳೆ_ಗೋಣಿಕೊಪ್ಪ:
ಧನ್ಯವಾದ. ಸೊನ್ನೆಯಲ್ಲಿ ಕೂರಿಸುವ ಸಾಲು ಇತ್ತು, ತೆಗೆದೆ. ವರ್ಷಕ್ಕೊಂದು ಮಳೆ ಮಾಡಿದಾಗ ಉಳಿಕೆ ಏರುತ್ತಿದೆ. ಆದರೆ ಕೆಟ್ಟ ವರ್ಷಗಳು ಸಾಲಾಗಿ ಬಂದ ಓಟಗಳಲ್ಲಿ ಎಲ್ಲವೂ ಸತ್ತುಹೋಗುತ್ತವೆ. ಅವನ್ನು ಬಿಟ್ಟು ಸರಾಸರಿ ತೆಗೆಯಲೇ? ಇಲ್ಲ, ಹೊಸ ಕುಟುಂಬ ಬಿಡಲೇ?

ಗುಣೋತ್ತರ:
ಎರಡೂ ಬೇಡ. ರಾಂಡಮ್ ಗುಣದ ಹೊಸ ಕುಟುಂಬ ಬಿಟ್ಟರೆ ಅಲ್ಲಿಯವರೆಗಿನ ಆಯ್ಕೆ ಅಳಿಸುತ್ತದೆ. ಸತ್ತ ಓಟಗಳನ್ನು ಬಿಟ್ಟರೆ ಅದೃಷ್ಟವಂತರ ಲೆಕ್ಕ ಮಾತ್ರ ಸಿಗುತ್ತದೆ. ಬಿಹೇವಿಯರ್‌ಸ್ಪೇಸ್‌ನಲ್ಲಿ (ಮಾಡೆಲನ್ನು ಹಲವು ಸಲ ಓಡಿಸುವ ನೆಟ್‌ಲೋಗೋದ ಸಾಧನ) ಪ್ರತಿ ಸನ್ನಿವೇಶಕ್ಕೆ ಬೇರೆಬೇರೆ ಸೀಡ್‌ನ (ರಾಂಡಮ್ ಸಂಖ್ಯೆಗಳ ಸಾಲನ್ನು ಶುರುಮಾಡುವ ಸಂಖ್ಯೆ) 50 ಓಟ ಇಟ್ಟು, ನಾಶವಾದ ವರ್ಷ ಮತ್ತು ಅದಕ್ಕೆ ಹಿಂದಿನ ವರ್ಷದ ಉಳಿಕೆ ಎರಡನ್ನೂ ಬರೆದುಕೊಳ್ಳಿ. ಮಳೆಯ ಸಂಖ್ಯೆಗಳನ್ನು ಮೊದಲೇ ಒಂದು ಪಟ್ಟಿಯಲ್ಲಿ ತೆಗೆದಿಟ್ಟರೆ ಅದೇ 50 ಮಳೆಸರಣಿಯನ್ನು ಸ್ಪ್ರಿಂಕ್ಲರ್ ಇರುವ ಮತ್ತು ಇಲ್ಲದ ಎರಡೂ ಸನ್ನಿವೇಶಕ್ಕೆ ಕೊಡಬಹುದು.