ಪಟದಲ್ಲಿ ರೆಮಾಕ್ ಏಕಿಲ್ಲ?

ಮಾವ: (ಚಿತ್ರ) ಮೊಮ್ಮಗಳ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಮಾಡಿಸಿದ ಪಟ. ಜೀವಿಗಳೆಲ್ಲ ಕೋಶಗಳಿಂದಾದವು, ಕೋಶ ಹುಟ್ಟುವುದು ಕೋಶದಿಂದಲೇ ಎನ್ನುವ ಜೀವಕೋಶ ಸಿದ್ಧಾಂತ ಕಟ್ಟಿದ ನಾಲ್ವರು: ಹುಕ್, ಶ್ಲೈಡನ್, ಶ್ವಾನ್, ವಿರ್ಕೋ. ಸಂಜೆ ಮುದ್ರಣಕ್ಕೆ ಕೊಡುತ್ತೇನೆ, ನೋಡಿ ಹೇಳಿ.

ಚಿಕ್ಕಮ್ಮ: ಚೆನ್ನಾಗಿದೆ ಅಣ್ಣಾ. ಆದರೆ ಲೇವನ್‌ಹುಕ್ ಎಲ್ಲಿ? 1665ರಲ್ಲಿ ಹುಕ್ ಕಂಡದ್ದು ಒಣ ಬೆಂಡಿನ (ಕಾರ್ಕ್) ಖಾಲಿ ಗೋಡೆಗಳನ್ನು. ನೀರಿನಲ್ಲಿ ಓಡಾಡುವ ಒಂಟಿಕೋಶದ ಜೀವಿಗಳನ್ನು ಕಂಡವನು ಲೇವನ್‌ಹುಕ್, ಹಾಲೆಂಡಿನ ಡೆಲ್ಫ್ಟ್‌ನ ಆ ಬಟ್ಟೆ ವ್ಯಾಪಾರಿ.

ಮಾವ: ಜಾಗವಿಲ್ಲ ತಂಗಿ.

ನಾನು: ಮಾವ, ನನ್ನ ತಕರಾರು ಕೊನೆಯ ಸಾಲಿನದು. ‘ಕೋಶದಿಂದಲೇ ಕೋಶ ಹುಟ್ಟುತ್ತದೆಂದು ಕಂಡುಹಿಡಿದವನು ವಿರ್ಕೋ, 1855’ ಎಂದಿದೆ. ಅದನ್ನು ಕಣ್ಣಾರೆ ಕಂಡು ತೋರಿಸಿದವನು ಬರ್ಲಿನ್‌ನ ಸಂಶೋಧಕ ರಾಬರ್ಟ್ ರೆಮಾಕ್. ಕೋಳಿಯ ಭ್ರೂಣದಲ್ಲಿ ರಕ್ತಕಣಗಳು ಎರಡಾಗಿ ಒಡೆಯುವುದನ್ನು 1841ರಲ್ಲೇ ವರದಿ ಮಾಡಿದ್ದ. 1852ರ ಹೊತ್ತಿಗೆ ಎಲ್ಲ ಪ್ರಾಣಿಕೋಶಗಳೂ ಹೀಗೆಯೇ ಹುಟ್ಟುತ್ತವೆ ಎಂದು ಪ್ರಕಟಿಸಿದ.

ಮಾವ: ಪಿಯುಸಿ ಪುಸ್ತಕದಲ್ಲಿ ವಿರ್ಕೋ ಎಂದೇ ಇದೆ. ನಾನು ಪಾಠ ಮಾಡಿದ್ದೂ ಅದನ್ನೇ. ‘ಓಮ್ನಿಸ್ ಸೆಲ್ಯುಲಾ ಎ ಸೆಲ್ಯುಲಾ’, ಅಂದರೆ ಪ್ರತಿ ಕೋಶವೂ ಕೋಶದಿಂದಲೇ ಎಂಬ ಲ್ಯಾಟಿನ್ ಮಾತು ಯಾರದು ಹೇಳು?

ನಾನು: ಆ ಮಾತನ್ನು ಫ್ರಾನ್ಸಿನ ರಾಸ್ಪೈ 1825ರಲ್ಲೇ ಬಳಸಿದ್ದ. ಇನ್ನು ನಿಮ್ಮ ಪಟದ ಶ್ಲೈಡನ್ ಮತ್ತು ಶ್ವಾನ್. ಸಸ್ಯಗಳೆಲ್ಲ ಕೋಶಗಳಿಂದಾದವು ಎಂದು 1838ರಲ್ಲಿ ಒಬ್ಬ, ಪ್ರಾಣಿಗಳೂ ಹಾಗೆಯೇ ಎಂದು 1839ರಲ್ಲಿ ಇನ್ನೊಬ್ಬ ಹೇಳಿದ್ದು ದೊಡ್ಡ ಕೆಲಸವೇ. ಆದರೆ ದ್ರವದಲ್ಲಿ ಹರಳು ಕಟ್ಟುವ ಹಾಗೆ ಹೊಸ ಕೋಶ ಮೂಡುತ್ತದೆಂದು ಇಬ್ಬರೂ ನಂಬಿದ್ದರು. ವರ್ಷಗಟ್ಟಲೆ ಭ್ರೂಣಗಳನ್ನು ನೋಡಿ ಆ ತಪ್ಪನ್ನು ತಿದ್ದಿದವನನ್ನೇ ಬಿಟ್ಟರೆ ಹೇಗೆ?

ಅತ್ತಿಗೆ: ಅಷ್ಟು ಮಾಡಿದವನ ಹೆಸರು ನಾವು ಕೇಳಿಯೇ ಇಲ್ಲವಲ್ಲ, ಏಕೆ?

ನಾನು: ಅವನು ಯಹೂದಿ, ಅತ್ತಿಗೆ. ಬರ್ಲಿನ್ ಇದ್ದ ಆಗಿನ ಜರ್ಮನ್ ರಾಜ್ಯ ಪ್ರಷ್ಯಾದ ವಿಶ್ವವಿದ್ಯಾಲಯಗಳಲ್ಲಿ ಯಹೂದಿಗಳು ಪಾಠ ಹೇಳುವಂತಿರಲಿಲ್ಲ. ಕ್ರೈಸ್ತನಾಗಿದ್ದರೆ ದಾರಿ ತೆರೆಯುತ್ತಿತ್ತು, ಅವನು ಒಪ್ಪಲಿಲ್ಲ. 1847ರಲ್ಲಿ ಅರಸನ ವಿಶೇಷ ಅನುಮತಿಯಿಂದ ಬರ್ಲಿನ್‌ನಲ್ಲಿ ಪಾಠ ಹೇಳುವ ಹಕ್ಕು ಸಿಕ್ಕಿತು. ಪೂರ್ಣ ಪ್ರಾಧ್ಯಾಪಕನ ಹುದ್ದೆ 1865ರಲ್ಲಿ ಸಾಯುವವರೆಗೂ ಸಿಗಲಿಲ್ಲ. ಇದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಮಾವ: ಅನ್ಯಾಯವೇ, ಇಲ್ಲವೆನ್ನುವುದಿಲ್ಲ. ಆದರೆ ವಿರ್ಕೋನನ್ನು ಕಳ್ಳನನ್ನಾಗಿ ಮಾಡಬೇಡ. ರೋಗ ಬರುವುದು ಇಡೀ ದೇಹಕ್ಕಲ್ಲ, ಕೋಶಗಳಿಗೆ ಎಂದು 1858ರಲ್ಲಿ ಬರ್ಲಿನ್‌ನ ವೈದ್ಯರೆದುರು ಉಪನ್ಯಾಸ ಮಾಲೆಯನ್ನೇ ಕೊಟ್ಟವನು ಅವನು. ಇಂದು ಗಡ್ಡೆಯ ಚೂರನ್ನು ಬಯಾಪ್ಸಿಗೆ ಕಳಿಸಿ ಕೋಶಗಳನ್ನು ನೋಡುವುದು ಆ ದಾರಿಯಲ್ಲಿಯೇ.

ನಾನು: ಅದಕ್ಕೆ ಅವನಿಗೆ ಪೂರ್ಣ ಗೌರವ ಸಲ್ಲಲಿ. ರೆಮಾಕನ ಕೆಲಸ ಗೊತ್ತಿದ್ದೂ ವಿರ್ಕೋ 1855ರ ಲೇಖನದಲ್ಲಿ ಅವನ ಹೆಸರು ಹೇಳಲಿಲ್ಲ ಎಂಬುದೂ ನೆನಪಿರಲಿ. ಪಟದಲ್ಲಿ ನಾವು ಅದನ್ನೇ ಮುಂದುವರಿಸುವುದು ಬೇಡ.

ಚಿಕ್ಕಮ್ಮ: ಅಣ್ಣಾ, ಜಾಗ ನಾನು ಹುಡುಕಿಕೊಡುತ್ತೇನೆ. ಹುಕ್‌ನ ಕಾಲದ ಖಚಿತವಾದ ಭಾವಚಿತ್ರ ಒಂದೂ ಉಳಿದಿಲ್ಲ. ನೀನು ಹಾಕಿರುವ ಮುಖ ಯಾರದೋ! ಅದರ ಬದಲು ಅವನೇ ಬರೆದ ಬೆಂಡಿನ ಚಿತ್ರವನ್ನು ಸಣ್ಣದಾಗಿ ಹಾಕು. ಪಕ್ಕದಲ್ಲಿ ರೆಮಾಕ್ ಹಿಡಿಸುತ್ತಾನೆ.

ಅತ್ತಿಗೆ: ಪರೀಕ್ಷೆಯಲ್ಲಿ ಏನು ಬರೆಯಲಿ ಎಂದು ಮಗಳು ಕೇಳುತ್ತಿದ್ದಾಳೆ.

ಮಾವ: ಪರೀಕ್ಷೆಯಲ್ಲಿ ಪುಸ್ತಕದ ಉತ್ತರ ಬರೆಯಲಿ. ಪಟದಲ್ಲಿ ‘ಕಂಡು ತೋರಿಸಿದವನು ರೆಮಾಕ್, ವೈದ್ಯಲೋಕಕ್ಕೆ ಮುಟ್ಟಿಸಿದವನು ವಿರ್ಕೋ’ ಎಂದು ಹಾಕುತ್ತೇನೆ. ಇಬ್ಬರ ಚಿತ್ರವೂ ಒಂದೇ ಅಳತೆಯಲ್ಲಿರುತ್ತದೆ, ಅದರಲ್ಲಿ ಇನ್ನು ಚೌಕಾಶಿ ಬೇಡ.

ನಾನು: ಒಪ್ಪಿದೆ ಮಾವ. ಚಿತ್ರ ಈಗಲೇ ಕಳಿಸುತ್ತೇನೆ.

ಚಿಕ್ಕಮ್ಮ: ಲೇವನ್‌ಹುಕ್ ವಿಷಯ ಇನ್ನೂ ತೀರ್ಮಾನವಾಗಿಲ್ಲ.