ಮನೆಯಲ್ಲಿ ದಿನಾ ತೂಕ ನೋಡಲು ಯಾವ ಯಂತ್ರ? ಅನುಭವ ಇದ್ದವರು ಹೇಳಿ

ಬ್ರಹ್ಮಪುರದ ಮಗಳು, ಕಲಬುರಗಿ
ಅವ್ವನಿಗೆ 64 ವರ್ಷ. ಹೃದಯದ ತೊಂದರೆಯಿಂದ ಕಾಲು ಬಾವು ಬರುತ್ತಿದೆ. ದಿನಾ ಬೆಳಿಗ್ಗೆ ತೂಕ ಬರೆದಿಡಿ, ಎರಡು ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಕೂಡಲೇ ಫೋನ್ ಮಾಡಿ ಎಂದು ಡಾಕ್ಟರು ಹೇಳಿದ್ದಾರೆ. ಪಕ್ಕದ ಮನೆಯವರ ಗಾಜಿನ ಯಂತ್ರ ತಂದು ನೋಡಿದೆ. ಹತ್ತು ನಿಮಿಷದಲ್ಲಿ 61.4, 58.9, 62.1. ಮೂರೂ ಅವ್ವನವೇ. ಮನೆ ಹಳೆಯದು, ನೆಲಕ್ಕೆ ಶಹಾಬಾದ್ ಕಲ್ಲಿನ ಫರಸಿ (ಚಪ್ಪಡಿ). ಅವ್ವನಿಗೆ ಸಣ್ಣ ಅಂಕಿ ಕಾಣುವುದಿಲ್ಲ. 1,200 ರೂಪಾಯಿಯೊಳಗೆ ಮುಳ್ಳಿನದು ಒಳ್ಳೆಯದೋ ಡಿಜಿಟಲ್ ಒಳ್ಳೆಯದೋ?

ಗಂಜಿನ ಲೆಕ್ಕಿಗ, ಕಲಬುರಗಿ
ಮುಳ್ಳಿನದು ಬೇಡವೇ ಬೇಡ ತಂಗಿ. 2019ರಲ್ಲಿ ಇಲ್ಲಿಯ ಸೂಪರ್ ಮಾರ್ಕೆಟ್ ಪೇಟೆಯ ಒಂದು ಅಂಗಡಿಯಲ್ಲಿ 1,150 ಕೊಟ್ಟು ತಂದೆ. ಬಚ್ಚಲಮನೆಯ ಬಾಗಿಲಲ್ಲಿ ಇಟ್ಟಿದ್ದೆವು. ಒಂದು ಮಳೆಗಾಲ ಕಳೆಯುವುದರೊಳಗೆ ಒಳಗಿನ ಸ್ಪ್ರಿಂಗ್ ತುಕ್ಕು ಹಿಡಿಯಿತು. ಯಾರೂ ನಿಲ್ಲದಿದ್ದರೂ ಮುಳ್ಳು ಎರಡರ ಮೇಲೆ ಕುಳಿತಿರುತ್ತಿತ್ತು. ಕೆಳಗಿನ ಗಾಲಿ ತಿರುವಿ ಸೊನ್ನೆಗೆ ತಂದರೆ ಮರುದಿನ ಒಂದೂವರೆ. ರಿಪೇರಿಗೆ 250 ಕೊಟ್ಟೆ. ಅಂಗಡಿಯವನು "ಕಾಕಾ, ಒಂದು ಕಿಲೋ ಹಿಂದೆ ಮುಂದೆ ಆದರೆ ಏನು ಹೋಯಿತು?" ಎಂದ. ಇಪ್ಪತ್ತಾರು ವರ್ಷ ದಾಲ್ ಮಿಲ್ಲಿನಲ್ಲಿ ತೊಗರಿಯ ಲೆಕ್ಕ ಬರೆದವನಿಗೆ ಹೇಳುವ ಮಾತೇ ಇದು?

ಆಮೇಲೆ 699ರ ಗಾಜಿನದು ತರಿಸಿದೆ. ಹದಿನೆಂಟನೆಯ ದಿನ ಸತ್ತಿತು. ಹಣ ವಾಪಸು ಬಂತು, ಆದರೆ ಕಳಿಸುವ ಖರ್ಚು 80 ನನ್ನದೇ. ಕೊನೆಗೆ 999ರದು. ಅದನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಮಿಲ್ಲಿಗೆ ಒಯ್ದೆ. ತೊಗರಿ ಚೀಲ ಇಟ್ಟರೆ ಅದರ ಅಂಚು ನೆಲಕ್ಕೆ ತಾಗುತ್ತದೆ, ಅಂಕಿಯೂ ಮುಚ್ಚಿಹೋಗುತ್ತದೆ. ಅದಕ್ಕೆ ನಾನೇ ಮಿಲ್ಲಿನ ದೊಡ್ಡ ಕಾಟಾದ ಮೇಲೆ ನಿಂತೆ. ಅದು ವರ್ಷಕ್ಕೊಮ್ಮೆ ಸರಕಾರದ ಮುದ್ರೆ ಬೀಳುವಂಥದ್ದು. ಅಲ್ಲಿ 78.30, ಮನೆಯದರಲ್ಲಿ 78.4. ಹಮಾಲರು ನಕ್ಕರು, ನಗಲಿ. 40 ರೂಪಾಯಿಯ ಮೂರು ಬಟನ್ ಸೆಲ್ ಸೇರಿಸಿ ಈವರೆಗೆ 2,599 ಹೋಗಿದೆ. ಚೀಟಿಗಳು ಇವೆ.

ನಿವೃತ್ತ ಮೇಷ್ಟ್ರು, ಬೀದರ್
ನೂರು ಗ್ರಾಂ ಅಂತರದಲ್ಲಿ ಹೊಂದಿತೆಂದು ಲೆಕ್ಕಿಗರು ಹಿಗ್ಗುವುದು ಬೇಡ. ಅದೇ ನಿಮಿಷದಲ್ಲಿ ಎರಡನೆಯ ಸಲ ನಿಂತಿದ್ದಿರಾ?

ಮಗ ಹೈದರಾಬಾದಿನಿಂದ ಬರುವಾಗ 2,499ರ ಬ್ಲೂಟೂತ್ ಯಂತ್ರ ತಂದ. ಕೊಬ್ಬು, ನೀರು, ಸ್ನಾಯು, ಮೂಳೆ ಎಲ್ಲವನ್ನೂ ಹೇಳುತ್ತದಂತೆ. ಮೊದಲು ತೂಕದ ಮಾತು. ಮೂರು ಸಲ ನಿಂತೆ, ಮೂರು ಸಲವೂ 71.35. ಖುಷಿಯಾಯಿತು. ಆದರೂ ಗಣಿತದ ಮೇಷ್ಟ್ರ ಅನುಮಾನ ಬಿಡಲಿಲ್ಲ. ಅರ್ಧ ಲೀಟರ್ ನೀರು ಅಳೆದು ಕುಡಿದು ಮತ್ತೆ ನಿಂತೆ. 71.35! ಕುಡಿದ ನೀರು ಎಲ್ಲಿ ಹೋಯಿತು? ಐದು ಕಿಲೋ ಜೋಳದ ಹಿಟ್ಟಿನ ಚೀಲ ಎತ್ತಿಕೊಂಡು ನಿಂತೆ, ಇಳಿದೆ, ಚೀಲ ಕೆಳಗಿಟ್ಟು ಒಬ್ಬನೇ ಹತ್ತಿದೆ. ಈಗ 71.85. ಅಂದರೆ ಆ ಮೊದಲು ಅದು ನನ್ನನ್ನು ತೂಗಿಯೇ ಇರಲಿಲ್ಲ, ಹಳೆಯ ಅಂಕಿಯನ್ನು ನೆನಪಿನಿಂದ ಒಪ್ಪಿಸುತ್ತಿತ್ತು. ಕಾಪಿ ಹೊಡೆಯುವ ಹುಡುಗರನ್ನು ನಾನು ಮೂವತ್ತೆರಡು ವರ್ಷ ಹಿಡಿದಿದ್ದೇನೆ.

ಇನ್ನು ಕೊಬ್ಬು. ಒಣಗಾಲಲ್ಲಿ ನಿಂತರೆ ಶೇಕಡಾ 29, ಕಾಲು ತೊಳೆದು ಬಂದು ನಿಂತರೆ 26. ಹಾಗಾದರೆ ಬಚ್ಚಲಿನಲ್ಲಿಯೇ ಸಣ್ಣಗಾಗಬಹುದು. ಒಂದು ಅಂಗಾಲಿನಿಂದ ಇನ್ನೊಂದಕ್ಕೆ ಸಣ್ಣ ವಿದ್ಯುತ್ ಹರಿಸಿ, ನಾವು ಕೊಟ್ಟ ವಯಸ್ಸು ಎತ್ತರ ಸೇರಿಸಿ ಮಾಡುವ ಅಂದಾಜು ಅದು. ಪೇಸ್‌ಮೇಕರ್ ಇದ್ದವರು ಹತ್ತಬಾರದು ಎಂದು ಪುಸ್ತಿಕೆಯ ಕೊನೆಯ ಪುಟದಲ್ಲಿ ಇರುವೆಯಂಥ ಅಕ್ಷರದಲ್ಲಿ ಬರೆದಿದ್ದಾರೆ. ನನ್ನ ಅಣ್ಣನಿಗೆ ಪೇಸ್‌ಮೇಕರ್ ಇದೆ. ದೀಪಾವಳಿಗೆ ಬಂದವನು ಅದರ ಮೇಲೆ ನಿಂತು ಫೋಟೊ ಬೇರೆ ತೆಗೆಸಿಕೊಂಡ! ಏನೂ ಆಗಲಿಲ್ಲ. ಪುಣ್ಯ.

ಹನ್ನೊಂದು ಕಿಲೋ ಇಳಿಸಿದವನು, ಕಲಬುರಗಿ
ಮೇಷ್ಟ್ರೇ, ಯಂತ್ರ ಬಳಸಲು ಬಾರದಿದ್ದರೆ ಯಂತ್ರವನ್ನು ಬೈಯಬೇಡಿ. ನಾನು ಅಂಥದ್ದರಲ್ಲಿಯೇ 94ರಿಂದ 83ಕ್ಕೆ ಬಂದೆ, ಹದಿನಾಲ್ಕು ತಿಂಗಳು ಹಿಡಿಯಿತು. ದಿನದ ಅಂಕಿಗೆ ಬೆಲೆ ಇಲ್ಲ, ಏಳು ದಿನದ ಸರಾಸರಿಗೆ ಬೆಲೆ. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗಿ ಭಜ್ಜಿ, ಸಜ್ಜೆ ರೊಟ್ಟಿ, ಕಡುಬು ಹೊಡೆದು ಬಂದ ಮರುದಿನ 1.8 ಕಿಲೋ ಏರಿತ್ತು. ಹೆಂಡತಿ "ಎಲ್ಲಾ ಮುಗಿಯಿತು" ಎಂದಳು. ನಾಲ್ಕನೆಯ ದಿನ ತಾನಾಗಿಯೇ ಇಳಿಯಿತು. ಅದು ಉಪ್ಪು ಹಿಡಿದಿಟ್ಟ ನೀರು, ಕೊಬ್ಬಲ್ಲ. ಮೇ ತಿಂಗಳಲ್ಲಿ ಅಪ್ಪನ ಕೆರೆಯ ಸುತ್ತ ನಡೆದು ಬಂದರೆ ಒಂದು ಕಿಲೋ ಕಡಿಮೆ ತೋರಿಸುತ್ತದೆ, ಅದೂ ಸುಳ್ಳು, ಬೆವರು. ಒಂದೆರಡು ಕಿಲೋ ಏರಿತೆಂದು ಯಾರೂ ಹೆದರಬೇಕಿಲ್ಲ.

ನಿವೃತ್ತ ಮೇಷ್ಟ್ರು, ಬೀದರ್
ಸರಾಸರಿ ನನಗೆ ಕಲಿಸುತ್ತೀರಾ? ಸುಳ್ಳು ಅಂಕಿಗಳನ್ನು ಏಳು ದಿನ ಕೂಡಿಸಿ ಭಾಗಿಸಿದರೆ ಸುಳ್ಳಿನ ಸರಾಸರಿ ಬರುತ್ತದೆ.

ಹನ್ನೊಂದು ಕಿಲೋ ಇಳಿಸಿದವನು, ಕಲಬುರಗಿ
ಹನ್ನೊಂದು ಕಿಲೋ ಇಳಿಸಿ ಬಂದು ಮಾತನಾಡಿ ಸರ್.

ಯಾದಗಿರಿಯ ಅಕ್ಕ
ಸ್ವಲ್ಪ ಸುಮ್ಮನಿರುತ್ತೀರಾ ಇಬ್ಬರೂ? "ಒಂದೆರಡು ಕಿಲೋಗೆ ಹೆದರಬೇಕಿಲ್ಲ" ಎಂದು ಯಾರಿಗೆ ಹೇಳುತ್ತಿದ್ದೀರಿ? ಆ ಹುಡುಗಿಯ ಪ್ರಶ್ನೆ ಓದಿದ್ದೀರಾ? ಅವಳ ತಾಯಿಗೆ ಎರಡು ಕಿಲೋ ಏರಿದರೆ ಅದು ಹೋಳಿಗೆಯ ತೂಕವಲ್ಲ, ಮೈಯಲ್ಲಿ ನಿಂತ ನೀರು.

ನಮ್ಮ ಯಜಮಾನರಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್, ನಾಲ್ಕು ವರ್ಷದಿಂದ. ಹೆಚ್ಚಿನ ನೀರೆಲ್ಲ ತೆಗೆದ ಮೇಲೆ ಇರಬೇಕಾದ ತೂಕ 57 ಎಂದು ಡಾಕ್ಟರು ಗೊತ್ತು ಮಾಡಿದ್ದಾರೆ. ಒಂದು ಕಿಲೋ ಏರಿದರೆ ಒಂದು ಲೀಟರ್ ನೀರು ಎಂದೇ ಲೆಕ್ಕ. ಮನೆಯದರಲ್ಲಿ 58.6 ನೋಡಿ ನಿಶ್ಚಿಂತೆಯಿಂದ ಹೋದರೆ ಆಸ್ಪತ್ರೆಯ ಯಂತ್ರದಲ್ಲಿ 59.3. "ಕದ್ದು ನೀರು ಕುಡಿದಿರಾ?" ಎಂದು ಅಲ್ಲಿಯ ಹುಡುಗ ಎಲ್ಲರ ಮುಂದೆ ಕೇಳಿದ. ಅವರು ಕುಡಿದಿರಲಿಲ್ಲ. ಲೋಟಕ್ಕೆ ಗೆರೆ ಹಾಕಿಕೊಂಡು ಕುಡಿಯುವ ಮನುಷ್ಯ ಅವರು. ಮನೆಗೆ ಬಂದು ಗೋಡೆಯ ಕಡೆ ತಿರುಗಿ ಮಲಗಿದರು, ಊಟ ಮಾಡಲಿಲ್ಲ. ಮರುವಾರ ನಾನು ಆ 850ರ ಯಂತ್ರವನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಒಯ್ದೆ. ಅಲ್ಲಿಯದರ ಪಕ್ಕದಲ್ಲಿಯೇ ಇಟ್ಟು ಎರಡರ ಮೇಲೂ ನಿಲ್ಲಿಸಿದೆ. ನಮ್ಮದು 700 ಗ್ರಾಂ ಕಡಿಮೆ ತೋರಿಸುತ್ತದೆ, ಯಾವಾಗಲೂ ಅಷ್ಟೇ. ಈಗ ನೋಟುಪುಸ್ತಕದಲ್ಲಿ ಎರಡು ಸಾಲು ಬರೆಯುತ್ತೇನೆ. ಹೊಸದು ಕೊಳ್ಳಲಿಲ್ಲ, ಕೊಳ್ಳುವುದೂ ಇಲ್ಲ. ತಪ್ಪು ಎಷ್ಟೆಂದು ಗೊತ್ತಿರುವ ಯಂತ್ರ ನಮಗೆ ಸಾಕು.

ತಂಗಿ, ಒಂದು ಮಾತು ಹೇಳು. ಅವ್ವ ಯಂತ್ರದ ಮೇಲೆ ನಿಂತಾಗ ಕೈ ಎಲ್ಲಿರುತ್ತದೆ?

ಗಂಜಿನ ಲೆಕ್ಕಿಗ, ಕಲಬುರಗಿ
ಕೈಯಲ್ಲ ಅಕ್ಕಾ, ನೆಲ. ಡಿಜಿಟಲ್ ಯಂತ್ರಕ್ಕೆ ನಾಲ್ಕು ಕಾಲಿನಲ್ಲಿ ಭಾರ ಅಳೆಯುವ ನಾಲ್ಕು ಸೆನ್ಸರ್. ಒಂದು ಕಾಲು ಫರಸಿಯ ಸಂದಿಯಲ್ಲಿ ಇಳಿದರೆ ಲೆಕ್ಕ ಮುಗಿಯಿತು. ನಮ್ಮ ಪಡಸಾಲೆಯಲ್ಲಿಯೇ ಎರಡು ಜಾಗದಲ್ಲಿ ಎರಡು ತೂಕ ಇದ್ದೆ. ಶಹಾಬಾದ್ ಕಲ್ಲು ಎಂದೂ ಸಮ ಇರುವುದಿಲ್ಲ.

ಕಲ್ಲಿನ ವ್ಯಾಪಾರಿ, ಶಹಾಬಾದ್
ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ. ಎಷ್ಟೋ ಮನೆ, ಮಠ, ಸ್ಟೇಷನ್ನುಗಳು ನಮ್ಮ ಕಲ್ಲಿನ ಮೇಲೆ ನಿಂತಿವೆ. ನಿಮ್ಮ 999ರ ಡಬ್ಬಿಗೆ ಅದು ಸರಿಹೋಗಲಿಲ್ಲವೇ? ಗಣಿಯಿಂದ ಪದರ ಎದ್ದು ಬಂದಂತೆಯೇ ಹಾಸಿದರೆ ಮೈ ಒರಟಾಗಿರುತ್ತದೆ, ಪಾಲಿಶ್ ಮಾಡಿಸಿದ್ದರೆ ಕನ್ನಡಿ. ಸಂದಿ ತಗ್ಗಾಗಿದ್ದರೆ ಅದು ಗೌಂಡಿಯ ತಪ್ಪು, ಕಲ್ಲಿನದಲ್ಲ. ಹಳದಿ ಕಲ್ಲು ಹಾಕಿಸಿಕೊಂಡು ಶಹಾಬಾದ್ ಎಂದು ಬೈಯುವವರೂ ಇದ್ದಾರೆ, ಅದು ತಾಂಡೂರಿನದು.

ಗಂಜಿನ ಲೆಕ್ಕಿಗ, ಕಲಬುರಗಿ
ನಮ್ಮದು ಬೂದು ಬಣ್ಣದ್ದೇ. ನನ್ನ ತಂದೆ ನಿಂತು ಹಾಸಿಸಿದ್ದು. ಗೌಂಡಿಯನ್ನು ಅನ್ನಬೇಡಿ, ಅವನು ನಮ್ಮ ಓಣಿಯವನೇ.

ಬ್ರಹ್ಮಪುರದ ಮಗಳು, ಕಲಬುರಗಿ
ಅಕ್ಕಾ, ನೀವು ಕೇಳಿದ ಮೇಲೆ ಈಗ ಮತ್ತೆ ನಿಲ್ಲಿಸಿ ನೋಡಿದೆ. ಬಿದ್ದೇನೆಂಬ ಹೆದರಿಕೆಗೆ ಅವ್ವ ಎಡಗೈಯಿಂದ ಬಾಗಿಲ ಚೌಕಟ್ಟು ಹಿಡಿದಿದ್ದಳು. ಒಂದೊಂದು ಸಲ ಒಂದೊಂದು ಬಿಗಿ. ಕೈ ಬಿಡಿಸಿದರೆ 62.1, 62.3, 61.8. ಎತ್ತರದ ಕುರ್ಚಿಯನ್ನು ಮುಂದೆ ಇಟ್ಟು, ಹತ್ತುವಾಗ ಹಿಡಿದು ಆಮೇಲೆ ಕೈ ಬಿಡು ಎಂದಿದ್ದೇನೆ. ಅಂಕಿ ದೊಡ್ಡದಾಗಿ ಕಾಣುವುದು ಯಾವುದು ಎಂದು ಯಾರೂ ಹೇಳಲಿಲ್ಲ.

ಯಾದಗಿರಿಯ ಅಕ್ಕ
ಅಂಗಡಿಗೆ ಅವ್ವನನ್ನೇ ಕರೆದುಕೊಂಡು ಹೋಗು. ಅಂಕಿಯ ಹಿಂದೆ ಬೆಳಕು ಇರುವುದನ್ನು ಹೊತ್ತಿಸಿ ತೋರಿಸು, ಕನ್ನಡಕವಿಲ್ಲದೆ ಅವಳು ಓದಿದ್ದನ್ನೇ ಕೊಳ್ಳು. ತೂಕ ನೋಡುವುದು ಬೆಳಿಗ್ಗೆ ಒಂದಕ್ಕೆ ಹೋಗಿ ಬಂದ ಮೇಲೆ, ಚಹಾಕ್ಕೆ ಮೊದಲು. ಅದೇ ಜಾಗ. ಮುಂದಿನ ಸಲ ಡಾಕ್ಟರ ಹತ್ತಿರ ಯಂತ್ರವನ್ನೂ ಒಯ್ಯಿ, ನಾಚಬೇಡ. ಇವತ್ತಿನಿಂದಲೇ ಬರೆಯಲು ಶುರು ಮಾಡು.

ಕಲ್ಲಿನ ವ್ಯಾಪಾರಿ, ಶಹಾಬಾದ್
61.8ರಿಂದ 62.3, ಅಂದರೆ ಇನ್ನೂ ಅರ್ಧ ಕಿಲೋ ಓಡಾಡುತ್ತಿದೆ. ತಂಗಿ, ಒಂದೂವರೆ ಅಡಿ ಚೌಕದ ಪಾಲಿಶ್ ಕಲ್ಲು ಒಂದು ತುಂಡು ತಂದು ಕೆಳಗೆ ಮರಳು ಹಾಕಿ ಕೂರಿಸು, ಯಂತ್ರವನ್ನು ಅದರ ಮೇಲೆ ಇಡು.

ಗಂಜಿನ ಲೆಕ್ಕಿಗ, ಕಲಬುರಗಿ
ಅಂದರೆ ನೆಲ ಡೊಂಕು ಎಂದು ಒಪ್ಪಿಕೊಂಡಿರಿ.

ಕಲ್ಲಿನ ವ್ಯಾಪಾರಿ, ಶಹಾಬಾದ್
ಗೌಂಡಿ ಡೊಂಕು ಎಂದೆ.