ಚೀನೀ ಭಾಷೆಯ ‘ಫಾ’ಗೆ ಕನ್ನಡದಲ್ಲಿ ಏನನ್ನೋಣ? ಕಾನೂನೋ, ಕಟ್ಟಳೆಯೋ, ದಂಡನೀತಿಯೋ?

ಎಲ್ಲರಿಗೂ ನಮಸ್ಕಾರ.

ಒಂದು ಪದ ಎರಡು ವಾರದಿಂದ ತಲೆ ತಿನ್ನುತ್ತಿದೆ. ಹಳೆಯ ಚೀನಾದಲ್ಲಿ ಚಿನ್ ರಾಜ್ಯದ ಮಂತ್ರಿಯಾಗಿದ್ದ ಶಾಂಗ್ ಯಾಂಗ್, ಅವನ ನಂತರದ ಚಿಂತಕ ಹಾನ್ ಫೈ, ರಾಜ್ಯವನ್ನು ಕಾಯ್ದೆ, ಶಿಕ್ಷೆಗಳಿಂದಲೇ ನಡೆಸಬೇಕು ಅನ್ನುವ ಇವರ ವಿಚಾರದ ಬಗ್ಗೆ ಒಂದು ಲೇಖನ ಬರೆಯಲು ಕೂತೆ. ಇಂಗ್ಲಿಷಿನಲ್ಲಿ ಇದಕ್ಕೆ ‘ಲೀಗಲಿಸಂ’ ಅಂತಾರೆ. ಚೀನೀ ಭಾಷೆಯಲ್ಲಿ ‘ಫಾ ಜ್ಯಾ’. ಕನ್ನಡದಲ್ಲಿ ಏನು ಬರೆಯೋದು ಅಂತ ಮೊದಲ ಸಾಲಿನಲ್ಲೇ ನಿಂತುಬಿಟ್ಟಿದ್ದೇನೆ.

ಮೊದಲು ಹೊಳೆದದ್ದು ‘ನ್ಯಾಯವಾದ’. ಆದರೆ ಅದನ್ನು ನಂಬುವವರನ್ನು ನ್ಯಾಯವಾದಿಗಳು ಅನ್ನಬೇಕಾಗುತ್ತೆ, ಆಗ ಹಾನ್ ಫೈ ಕರಿ ಕೋಟು ಹಾಕಿಕೊಂಡು ಕೋರ್ಟಿಗೆ ಹೊರಟ ಹಾಗೆ ಕಾಣ್ತಾನೆ. ‘ವಿಧಿವಾದ’ ಅಂದರೆ ಓದುವವರಿಗೆ ಹಣೆಬರಹ ನೆನಪಾಗುತ್ತೆ. ‘ನೀತಿ’ ಸೇರಿಸಿದರೆ ಅರ್ಥವೇ ತಿರುಗಾಮುರುಗಾ, ಯಾಕೆಂದರೆ ಜನರಿಗೆ ನೀತಿ ಹೇಳಿ ರಾಜ್ಯ ನಡೆಸೋಕೆ ಆಗಲ್ಲ ಅನ್ನುವುದೇ ಇವರ ವಾದ.

ಒಬ್ಬ ಗೆಳೆಯ ‘ದಂಡನೀತಿ’ ಅಂತ ಬರಿ, ಕೌಟಿಲ್ಯನದ್ದೂ ಅದೇ ಅಲ್ವಾ ಅಂದ. ಕಿವಿಗೆ ಚೆನ್ನಾಗಿದೆ, ಒಪ್ಪುತ್ತೇನೆ. ಅರ್ಥಶಾಸ್ತ್ರದ ಹಸ್ತಪ್ರತಿಯನ್ನು ಮೈಸೂರಿನಲ್ಲೇ ಗುರುತಿಸಿ, ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿದ್ದರಿಂದ ನಮಗೆ ಆ ಮಾತಿನ ಮೇಲೆ ಸ್ವಲ್ಪ ಮನೆಯ ಅಭಿಮಾನವೂ ಇದೆ. ಆದರೆ ಕೌಟಿಲ್ಯ ಏನು ಹೇಳ್ತಾನೆ? ದಂಡ ಜಾಸ್ತಿಯಾದರೆ ಜನ ಬೆದರುತ್ತಾರೆ, ಕಡಿಮೆಯಾದರೆ ರಾಜನನ್ನು ಲೆಕ್ಕಕ್ಕೇ ಇಡುವುದಿಲ್ಲ, ತಪ್ಪಿಗೆ ತಕ್ಕಷ್ಟು ಇರಬೇಕು. ಶಾಂಗ್ ಯಾಂಗನ ಹೆಸರಿನಲ್ಲಿರುವ ಪುಸ್ತಕದ್ದು ಇದಕ್ಕೆ ಪೂರಾ ಉಲ್ಟಾ. ಸಣ್ಣ ತಪ್ಪಿಗೇ ದೊಡ್ಡ ಶಿಕ್ಷೆ ಕೊಡು, ಆಗ ಸಣ್ಣ ತಪ್ಪೇ ಆಗುವುದಿಲ್ಲ, ದೊಡ್ಡದರ ಮಾತು ಎಲ್ಲಿ ಬಂತು ಅನ್ನುತ್ತದೆ. ಇಬ್ಬರಿಗೂ ಒಂದೇ ಹಣೆಪಟ್ಟಿ ಹಚ್ಚೋದು ಸರಿ ಅನ್ನಿಸುತ್ತಿಲ್ಲ.

ಇನ್ನೊಂದು ತೊಡಕು ಇದೆ. ‘ಫಾ’ ಅಂದರೆ ಬರೀ ಶಿಕ್ಷೆಯಲ್ಲ, ಬರೀ ಕಾಯ್ದೆಯೂ ಅಲ್ಲ. ಆ ಕಾಲದಲ್ಲಿ ಅದಕ್ಕೆ ಮಾದರಿ, ಅಳತೆ ಅನ್ನುವ ಅರ್ಥವೂ ಇತ್ತು. ಹಳೆಯ ಚೀನಾದ ಇನ್ನೊಬ್ಬ ಚಿಂತಕ ಮೋಜಿಯ ಪಂಥದವರು ಬಡಗಿಯ ಕೈವಾರ, ಮೂಲೆಮಟ್ಟ, ನೂಲು ಇವನ್ನೇ ‘ಫಾ’ ಅಂತ ಕರೆದಿದ್ದಾರೆ. ಹಾನ್ ಫೈ ಕೂಡ ಒಂದು ಕಡೆ, ಕಾನೂನು ದೊಡ್ಡವರ ಕಡೆ ವಾಲುವುದಿಲ್ಲ, ಬಡಗಿಯ ನೂಲು ಡೊಂಕು ಮರಕ್ಕಾಗಿ ತಾನು ಬಾಗುವುದಿಲ್ಲ ಅಂತಾನೆ. ‘ನೂಲು ಹಿಡಿದ ಹಾಗೆ’ ಅಂತ ನಾವೂ ಅನ್ನುತ್ತೇವಲ್ಲ, ಆ ನೂಲೇ.

ಶಾಂಗ್ ಯಾಂಗ್ ಕ್ರಿ.ಪೂ. 344ರಲ್ಲಿ ಮಾಡಿಸಿದ ಒಂದು ಕಂಚಿನ ಅಳತೆ ಪಾತ್ರೆ ಈಗಲೂ ಶಾಂಘೈ ಮ್ಯೂಸಿಯಂನಲ್ಲಿದೆ. ಚೌಕಾಕಾರದ್ದು, ಹಿಡಿ ಇದೆ, ಸುಮಾರು 200 ಮಿಲಿ ಲೀಟರ್ ಹಿಡಿಸುತ್ತೆ, ನಮ್ಮ ಪಾವು ಇದ್ದ ಹಾಗೆ ಅಂದುಕೊಳ್ಳಿ. ನೂರಕ್ಕೂ ಹೆಚ್ಚು ವರ್ಷ ಆದಮೇಲೆ, ಕ್ರಿ.ಪೂ. 221ರಲ್ಲಿ ಇಡೀ ಚೀನಾವನ್ನು ಗೆದ್ದ ಚಿನ್ ಚಕ್ರವರ್ತಿ ಅದೇ ಪಾತ್ರೆಯ ತಳದಲ್ಲಿ ತನ್ನ ಅಪ್ಪಣೆ ಕೆತ್ತಿಸಿದ, ಅಳತೆಯನ್ನು ಬದಲಿಸಲಿಲ್ಲ. 1975ರಲ್ಲಿ ಹೂಬೈ ಪ್ರಾಂತ್ಯದ ಶ್ವೇಹೂದಿಯಲ್ಲಿ ಚಿನ್ ಕಾಲದ ಒಬ್ಬ ಸಣ್ಣ ಅಧಿಕಾರಿಯ ಗೋರಿ ಅಗೆದಾಗ ಬಿದಿರು ಪಟ್ಟಿಗಳ ಮೇಲೆ ಬರೆದ ಕಾಯ್ದೆಗಳು ಸಿಕ್ಕವು. ಅದರಲ್ಲಿ ಒಂದು ನೋಡಿ: ಸರ್ಕಾರದ ಎತ್ತನ್ನು ಉಳುಮೆಗೆ ಬಳಸಿ ಅದರ ಮೈಸುತ್ತಳತೆ ಇಳಿದರೆ, ಇಳಿದ ಒಂದೊಂದು ಅಂಗುಲಕ್ಕೆ ಹತ್ತು ಏಟು. ಎತ್ತಿಗಲ್ಲ, ಅದರ ಹೊಣೆ ಹೊತ್ತವನಿಗೆ! ಎತ್ತಿನ ಹೊಟ್ಟೆಗೂ ದಾರ ಹಿಡಿದು ನೋಡುವ ಸರ್ಕಾರದ ವಿಚಾರಕ್ಕೆ ಹೆಸರು ಹುಡುಕುವಾಗ ಅಳತೆಯನ್ನು ಬಿಟ್ಟರೆ ಹೇಗೆ?

ಹಾಗಂತ ‘ಅಳತೆವಾದ’ ಅನ್ನೋಕೂ ಆಗಲ್ಲ, ದರ್ಜಿ ಅಂಗಡಿ ನೆನಪಾಗುತ್ತೆ. ಅಂದಹಾಗೆ ಹಾನ್ ಫೈ ಹೇಳಿದ ಕಥೆಗಳಲ್ಲೇ ಒಬ್ಬ ಪೆದ್ದ ಇದ್ದಾನೆ, ಕಾಲಿನ ಅಳತೆ ಮನೆಯಲ್ಲಿ ಮರೆತು ಬಂದೆ ಅಂತ ಚಪ್ಪಲಿ ಅಂಗಡಿಯಿಂದ ವಾಪಸ್ ಓಡಿದವನು. ಕಾಲನ್ನೇ ಇಟ್ಟು ನೋಡಬಹುದಿತ್ತಲ್ಲ ಅಂದರೆ, ನನ್ನ ಕಾಲಿಗಿಂತ ಅಳತೆಯ ಮೇಲೇ ನಂಬಿಕೆ ಅಂದನಂತೆ. ಅಳತೆಯನ್ನು ಇಷ್ಟು ನೆಚ್ಚಿದವನೇ ಈ ಕಥೆಯನ್ನೂ ಹೇಳಿದ್ದು ನನಗೆ ತುಂಬಾ ಇಷ್ಟ.

ಉಳಿದದ್ದು ಎರಡು, ಕಟ್ಟಳೆ ಮತ್ತು ಕಾನೂನು. ‘ಕಟ್ಟಳೆ’ ಅಚ್ಚ ಕನ್ನಡ, ಕಟ್ಟುಪಾಡು, ಕಟ್ಟುನಿಟ್ಟು ಎಲ್ಲದರ ಬಳಗ. ಆದರೆ ನಮ್ಮ ಬಾಯಲ್ಲಿ ಕಟ್ಟಳೆ ಅಂದರೆ ಹಿಂದಿನಿಂದ ನಡೆದು ಬಂದದ್ದು, ಕುಲದ ಕಟ್ಟಳೆ, ಊರಿನ ಕಟ್ಟಳೆ. ಶಾಂಗ್ ಯಾಂಗನಿಗೆ ಆಗದಿದ್ದದ್ದು ಅದೇ. ಹಿಂದಿನವರು ಮಾಡಿದ್ದು ಅಂತ ಇಂದು ಮಾಡಬೇಕಿಲ್ಲ ಅಂತ ಚಿನ್ ರಾಜ್ಯದ ಆಸ್ಥಾನದಲ್ಲಿ ಜಗಳ ಆಡಿದವನು ಅವನು. ಹೊಸ ಕಾಯ್ದೆಯನ್ನು ಜನ ನಂಬಲಿ ಅಂತ ಪೇಟೆಯ ದಕ್ಷಿಣ ಬಾಗಿಲಲ್ಲಿ ಒಂದು ಮರದ ಕಂಬ ಇಡಿಸಿ, ಉತ್ತರ ಬಾಗಿಲಿಗೆ ಹೊತ್ತವರಿಗೆ ಹತ್ತು ಚಿನ್ನ ಅಂದ. ಯಾರೂ ಬರಲಿಲ್ಲ. ಐವತ್ತು ಅಂದ. ಒಬ್ಬ ಹೊತ್ತ, ಅಲ್ಲೇ ಎಣಿಸಿ ಕೊಟ್ಟ. ಕಟ್ಟಳೆಯನ್ನು ಹೀಗೆ ದುಡ್ಡು ಕೊಟ್ಟು ನಂಬಿಸಬೇಕಾಗಿಲ್ಲ, ಅದು ಅಜ್ಜಿಯ ಬಾಯಿಂದಲೇ ಬಂದಿರುತ್ತೆ.

ಹಾಗಾಗಿ ನನ್ನ ಓಟು ‘ಕಾನೂನು’ ಕಡೆಗೆ. ಅದು ಹೊರಗಿನ ಮಾತು, ಅರಬ್ಬಿ, ಪಾರ್ಸಿ ಅಂತ ಕೆಲವರು ಮೂಗು ಮುರಿಯಬಹುದು. ಇನ್ನೂ ಹಿಂದಕ್ಕೆ ಹೋಗಿ ನೋಡಿ, ಅರಬ್ಬಿಗೆ ಅದು ಬಂದದ್ದು ಗ್ರೀಕಿನ ‘ಕಾನೋನ್’ನಿಂದ, ಹಾಗಂದರೆ ನೆಟ್ಟಗಿನ ಕೋಲು, ಅಳತೆಗೋಲು! ನಾವು ಹುಡುಕುತ್ತಿದ್ದ ಅಳತೆ ತಾಲೂಕು ಕಚೇರಿಯ ಮಾತಿನೊಳಗೇ ಸುಮ್ನೆ ಕೂತಿತ್ತು.

‘ಜ್ಯಾ’ ಇನ್ನೂ ಉಳಿದಿದೆ. ಅಕ್ಷರಶಃ ಮನೆ. ಧಾರವಾಡದ ಕಡೆಯವರು ‘ಘರಾಣೆ’ ಅಂತ ತಕ್ಷಣ ಹೇಳಿಬಿಡುತ್ತಾರೆ, ಅದೂ ಮನೆಯೇ. ಆದರೆ ಘರಾಣೆಗೆ ಗುರುಶಿಷ್ಯರ ಸಾಲು ಬೇಕು. ಶಾಂಗ್ ಯಾಂಗ್ ಸತ್ತದ್ದು ಕ್ರಿ.ಪೂ. 338ರಲ್ಲಿ, ಹಾನ್ ಫೈ 233ರಲ್ಲಿ. ಹಾನ್ ಫೈ ಕಲಿತದ್ದು ಕನ್‌ಫ್ಯೂಷಿಯಸ್ ದಾರಿಯ ಶುನ್‌ಜಿಯ ಹತ್ತಿರ. ‘ಫಾ ಜ್ಯಾ’ ಅನ್ನುವ ಹೆಸರನ್ನು ಇವರೆಲ್ಲ ಹೋದ ಮೇಲೆ ಮುಂದೆ ಚೀನಾ ಆಳಿದ ಹಾನ್ ವಂಶದ ಕಾಲದ ಇತಿಹಾಸಕಾರ ಸೀಮಾ ತಾನ್ ಇಟ್ಟದ್ದು, ಜೊತೆಗೆ ಇವರು ಬಿಗಿ ಜಾಸ್ತಿ, ಕನಿಕರ ಕಡಿಮೆ ಅಂತ ಒಂದು ಷರಾ ಬೇರೆ. ಅದಕ್ಕೇ ‘ವಾದ’, ‘ಘರಾಣೆ’ ಎರಡೂ ಬಿಟ್ಟು ‘ಕಾನೂನು ಪಂಥ’ ಅಂತ ಬರೆಯೋಣ ಅಂದುಕೊಂಡಿದ್ದೇನೆ.

ಒಂದು ತಮಾಷೆ ಹೇಳಿ ಬಿಡುತ್ತೇನೆ. ಮುಂದೆ ಬೌದ್ಧ ಗ್ರಂಥಗಳನ್ನು ಚೀನೀ ಭಾಷೆಗೆ ತಂದವರು ‘ಧರ್ಮ’ಕ್ಕೆ ಆರಿಸಿಕೊಂಡದ್ದು ಇದೇ ‘ಫಾ’ವನ್ನ. ಶಾಲೆಯಲ್ಲಿ ಓದಿದ ಫಾಹಿಯಾನ್ ನೆನಪಿದೆಯಾ? ಅವನ ಹೆಸರಿನ ‘ಫಾ’ ಕೂಡ ಇದೇ ಅಕ್ಷರ. ಹಾಗಂತ ಯಾರೂ ದಯವಿಟ್ಟು ‘ಧರ್ಮಪಂಥ’ ಅಂತ ಸೂಚಿಸಬೇಡಿ.

ನಿಮ್ಮಿಂದ ಬೇಕಾದದ್ದು ಎರಡು. ‘ಕಾನೂನು ಪಂಥ’ ಓದಿದ ಕೂಡಲೇ ನಿಮಗೆ ಏನು ಹೊಳೆಯುತ್ತೆ? ಮತ್ತೆ, ಹಾನ್ ಫೈ ‘ಫಾ’ ಜೊತೆಗೆ ‘ಶಿ’ ಅಂತ ಇನ್ನೊಂದನ್ನು ಹೇಳ್ತಾನೆ. ಗುಣದಿಂದಲ್ಲ, ಕೂತ ಜಾಗದಿಂದ ಬರುವ ಬಲ. ಹೊತ್ತ ಮೋಡ ಚದುರಿದರೆ ಹಾರುವ ಡ್ರ್ಯಾಗನ್ನೂ ಎರೆಹುಳವೂ ಒಂದೇ ಅಂತ ಹಾನ್ ಫೈಗಿಂತ ಮುಂಚಿನ ಚಿಂತಕ ಶೆನ್ ದಾವ್ ಹೇಳಿದ್ದು ಇದನ್ನೇ. ಸದ್ಯಕ್ಕೆ ‘ಕುರ್ಚಿಬಲ’ ಅಂತ ಬರೆದಿಟ್ಟಿದ್ದೇನೆ, ಆ ಕಾಲದಲ್ಲಿ ಚೀನಾದವರು ಚಾಪೆಯ ಮೇಲೆ ಕೂರುತ್ತಿದ್ದರು ಅನ್ನುವುದೊಂದೇ ಅಡ್ಡಿ. ಬೇರೆ ಏನಾದರೂ ಹೊಳೆದರೆ ಹೇಳಿ.